ಆರಾಮಿದ್ದ ಹಂದಿಯಿಂದ ಜಡ್ಡು ಬಂದದ್ದು ಹೇಗೆ?



ದೀಪಾವಳಿ ಸೂಟಿ ಮುಗಿದು ಎರಡನೇ ಸತ್ರ ಶುರುವಾದ ವಾರ. ಒಂಬತ್ತನೇ ವರ್ಗದಲ್ಲಿ ಸೂಕ್ಷ್ಮಜೀವಿಗಳ ಪಾಠ ನಡೆದಿತ್ತು. "ಸಾಂಕ್ರಾಮಿಕ ರೋಗ ರೋಗಿಯಿಂದ ಆರೋಗ್ಯವಂತರಿಗೆ ಹರಡುತ್ತದೆ" ಅಂತ ನಾನು ಫಲಕದ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನು ತಾನಾಗಿ ಏಳುವವನಲ್ಲ.

"ಸರ, ನಮ್ಮ ಮನ್ಯಾಗ ಹಂಗಾಗಿಲ್ರಿ. ಆರಾಮಿದ್ದ ಹಂದಿ ಬಂದು ನಮ್ಮ ಹಂದಿ ಎಲ್ಲಾ ಸತ್ತುವ್ರಿ."

ಹಂದಿ ಎಂಬ ಮಾತು ಕೇಳಿದ ಕೂಡಲೇ ನಾಲ್ಕು ಮಂದಿ ಕಿಸಕ್ಕನೆ ನಕ್ಕರು. ಎಮ್ಮೆ ಸಾಕುವ ಮನೆಯವನು ಎದ್ದು ಮಾತಾಡಿದರೆ ಯಾರೂ ನಗುವುದಿಲ್ಲ. ಹಂದಿ ಸಾಕುವುದೂ ಅಷ್ಟೇ ಕಷ್ಟದ ದುಡಿಮೆ, ಅಷ್ಟೇ ಲೆಕ್ಕಾಚಾರದ ಕೆಲಸ. ಅದನ್ನು ಅವರಿಗೆ ಹೇಳಿ, ಹುಡುಗನಿಂದ ಪೂರ್ತಿ ಕೇಳಿದೆ.

ಗಣೇಶ ಚವತಿಗೆ ಮುಂಚೆ ಅವನ ಅಪ್ಪ ಒಂದು ಗಬ್ಬದ ಹಂದಿ ಕೊಂಡು ತಂದಿದ್ದರು. ನೋಡಲು ಗಟ್ಟಿಮುಟ್ಟಾಗಿತ್ತು. ಕೆಲವು ವಾರಕ್ಕೆ ಒಂಬತ್ತು ಮರಿ ಹಾಕಿತು. ಮೂರು ಹುಟ್ಟುವಾಗಲೇ ಸತ್ತಿದ್ದವು. ಒಂದು ಗಡಗಡ ನಡುಗುತ್ತಾ ಎರಡು ದಿನಕ್ಕೆ ಹೋಯಿತು. ಉಳಿದ ಐದು ಮರಿ ಹಾಲು ಕುಡಿದು ಓಡಾಡಿಕೊಂಡಿದ್ದವು. ಮುಂದೆ ಮೂರು ವಾರದೊಳಗೆ ಮನೆಯ ನಾಲ್ಕು ಹಳೆಯ ಹಂದಿಗಳಿಗೆ ಜ್ವರ ಬಂತು. ಮೇವು ಬಿಟ್ಟು, ಒಂದರ ಮೇಲೊಂದು ಬಿದ್ದು ಮಲಗಿದವು. ಕಣ್ಣಿಗೆ ಪಿಚ್ಚು ಕಟ್ಟಿತು, ಹಿಂಗಾಲು ತೂರಾಡಿದವು, ಕಿವಿ ಮತ್ತು ಹೊಟ್ಟೆಯ ಚರ್ಮ ನೇರಳೆಗೆ ತಿರುಗಿತು. ನಾಲ್ಕೂ ಸತ್ತವು. ಪಶು ದವಾಖಾನೆಯ ಡಾಕ್ಟರು ಲಕ್ಷಣ ನೋಡಿ ಹಂದಿ ಜ್ವರ ಅಂದರಂತೆ.

"ತಂದ ಹಂದಿ ಇನ್ನೂ ಆರಾಮ ಐತ್ರಿ ಸರ. ಮರಿನೂ ಅಡ್ಡಾಡ್ತಾವ. ಎರಡು ಮಾತ್ರ ಬೆಳ್ಯಾಕ ತಯಾರಿಲ್ಲ. ಐದೂ ಮರಿ ಶನಿವಾರ ಕೊಡೂದೈತಿ, ವ್ಯಾಪಾರಿ ಬರ್ತಾನ. ಮತ್ತ ಜಡ್ಡು ತಂದವರು ಯಾರ್ರಿ?"

ಅವತ್ತು ಗಂಟೆ ಹೊಡೆಯಿತು. ಆ ಪ್ರಶ್ನೆಗೆ ಉತ್ತರವೇ ಈ ಲೇಖನ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. 2009ರಲ್ಲಿ ಎಚ್1ಎನ್1 ಎಂಬ ಇನ್‌ಫ್ಲುಯೆಂಜಾ ಬಂದಾಗ ಕನ್ನಡ ಪತ್ರಿಕೆಗಳು ಅದನ್ನೂ ಹಂದಿ ಜ್ವರ ಎಂದೇ ಕರೆದವು. ಆ ಆಗಸ್ಟ್‌ನಲ್ಲಿ ದೇಶದ ಮೊದಲ ಸಾವು ನಮ್ಮ ಪುಣೆಯಲ್ಲೇ ಆಯಿತು, ಅಲ್ಲಿಯ ಶಾಲೆಗಳನ್ನು ಮುಚ್ಚಿದರು. ನಾನಾಗ ಸೋಲಾಪುರದಲ್ಲಿ ಬಿಎಸ್ಸಿ ಓದುತ್ತಿದ್ದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಪ್ರಾಕ್ಟಿಕಲ್‌ಗೆ ಹೋಗುತ್ತಿದ್ದೆವು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡಿದ ಜ್ವರ. ನಾವೀಗ ಮಾತಾಡುತ್ತಿರುವುದು ಬೇರೆಯೇ ವೈರಸ್ಸಿನ ರೋಗ, ಇದು ಹಂದಿಗಳಿಗೆ ಮಾತ್ರ ಬರುತ್ತದೆ. ಮನುಷ್ಯರಿಗೆ ತಗಲುವುದಿಲ್ಲ. ಆದ್ದರಿಂದ ಹಂದಿ ಸಾಕಿದ ಮನೆಯ ಗೆಳೆಯನ ಪಕ್ಕ ಕೂರಲು ಯಾರೂ ಹಿಂಜರಿಯಬೇಕಾಗಿಲ್ಲ. ವಿಜ್ಞಾನಿಗಳು ಇದನ್ನು 'ಕ್ಲಾಸಿಕಲ್ ಸ್ವೈನ್ ಫೀವರ್' ಅನ್ನುತ್ತಾರೆ. ನಾವು ಹಂದಿ ಜ್ವರ ಎಂದೇ ಕರೆಯೋಣ.

ಈ ರೋಗ ನಮ್ಮ ಕಡೆ ಹೊಸದೇನಲ್ಲ. 1962ರಲ್ಲೇ ಮಹಾರಾಷ್ಟ್ರದ ಹಂದಿ ಜ್ವರದ ಬಗ್ಗೆ ಪಶುವೈದ್ಯರು ಇಂಡಿಯನ್ ವೆಟರಿನರಿ ಜರ್ನಲ್‌ನಲ್ಲಿ ಬರೆದಿದ್ದಾರೆ. ಅಮೆರಿಕದಲ್ಲಿ ಅದಕ್ಕೂ ನೂರಿಪ್ಪತ್ತು ವರ್ಷ ಮುಂಚಿನಿಂದ ಇದು ಗೊತ್ತಿತ್ತು. ಅಲ್ಲಿ 1885ರ ಸುಮಾರಿಗೆ ಡೇನಿಯಲ್ ಸಾಲ್ಮನ್ ಮತ್ತು ಥಿಯೋಬಾಲ್ಡ್ ಸ್ಮಿತ್ ಸತ್ತ ಹಂದಿಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು, ಇದೇ ಅಪರಾಧಿ ಅಂದುಕೊಂಡರು. ಸಾಲ್ಮೊನೆಲ್ಲಾ ಎಂಬ ಹೆಸರು ಬಂದದ್ದು ಆ ಸಾಲ್ಮನ್‌ರಿಂದಲೇ. ಸುಮಾರು ಹದಿನೆಂಟು ವರ್ಷದ ನಂತರ ಡಿ ಶ್ವೈನಿಟ್ಸ್ ಮತ್ತು ಡಾರ್ಸೆಟ್ ಎಂಬ ಇಬ್ಬರು ರೋಗದ ಹಂದಿಯ ರಕ್ತದ ದ್ರವವನ್ನು ಬ್ಯಾಕ್ಟೀರಿಯಾ ದಾಟಲಾರದ ಸೋಸುಗದಲ್ಲಿ ಸೋಸಿದರು. ಸೋಸಿದ ದ್ರವವೂ ರೋಗ ತಂದಿತು. ಅಂದರೆ ಸಾಲ್ಮನ್ ಹಿಡಿದದ್ದು ಕಳ್ಳನನ್ನಲ್ಲ, ಕಳ್ಳತನವಾದ ಮೇಲೆ ತೆರೆದ ಬಾಗಿಲಿನಿಂದ ಒಳಗೆ ಬಂದವನನ್ನು. ನಿಜವಾದ ಕಳ್ಳ ವೈರಸ್ಸು. ಅದರ ಅಡ್ಡಳತೆ 40ರಿಂದ 60 ನ್ಯಾನೋಮೀಟರ್. ನಿಮ್ಮ ಸ್ಕೇಲಿನ ಒಂದು ಮಿಲಿಮೀಟರ್ ಗೆರೆಯಲ್ಲಿ ಸುಮಾರು 20 ಸಾವಿರ ವೈರಸ್ಸುಗಳು ಸಾಲಾಗಿ ನಿಲ್ಲಬಹುದು. ಒಳಗೆ ಆರ್‌ಎನ್‌ಎಯ ಒಂದು ಎಳೆ, ಅದರಲ್ಲಿ ಸುಮಾರು 12,300 ಅಕ್ಷರ. ಹೊರಗೆ ಕೊಬ್ಬಿನ ಒಂದು ಹೊದಿಕೆ. ಈ ಹೊದಿಕೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಹುಡುಗನ ಒಗಟಿಗೆ ಬರೋಣ.

ಸಾಮಾನ್ಯವಾಗಿ ವೈರಸ್ಸು ಒಳಗೆ ಹೋದರೆ ದೇಹ ಅದನ್ನು ಪರಕೀಯ ಎಂದು ಗುರುತಿಸುತ್ತದೆ, ಪ್ರತಿಕಾಯಗಳನ್ನು ತಯಾರಿಸುತ್ತದೆ, ಹೋರಾಡುತ್ತದೆ. ಎರಡು ಮೂರು ವಾರದೊಳಗೆ ಹಂದಿ ಗೆಲ್ಲುತ್ತದೆ ಇಲ್ಲವೇ ಸಾಯುತ್ತದೆ. ಗೆದ್ದ ಹಂದಿಯಲ್ಲಿ ವೈರಸ್ಸು ಉಳಿಯುವುದಿಲ್ಲ. ವೈರಸ್ಸಿನ ತಳಿ ಸೌಮ್ಯವಾಗಿದ್ದರೆ ದೊಡ್ಡ ಹಂದಿಗೆ ಒಂದೆರಡು ದಿನ ಮೇವು ಬೇಡವಾಗುವುದು ಬಿಟ್ಟರೆ ಏನೂ ಆಗದೇ ಹೋಗಬಹುದು. ಮಾಲೀಕನಿಗೆ ಗೊತ್ತೇ ಆಗುವುದಿಲ್ಲ.

ಆದರೆ ಆ ಹಂದಿ ಗಬ್ಬವಾಗಿದ್ದರೆ? ವೈರಸ್ಸು ಮಾಸು ದಾಟಿ ಹೊಟ್ಟೆಯೊಳಗಿನ ಮರಿಗಳಿಗೂ ತಲುಪುತ್ತದೆ. ಹಂದಿಯ ಗರ್ಭದ ಅವಧಿ ಸುಮಾರು 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಡುವುದು ಸುಲಭ. ತೀರಾ ಮೊದಲ ದಿನಗಳಲ್ಲಿ ಸೋಂಕಾದರೆ ಗರ್ಭ ಹೋಗುತ್ತದೆ, ಅಥವಾ ಮರಿ ಒಳಗೇ ಸತ್ತು ಒಣಗುತ್ತದೆ. ಕೊನೆಯ ದಿನಗಳಲ್ಲಾದರೆ ಮರಿಯ ರೋಗನಿರೋಧಕ ವ್ಯವಸ್ಥೆ ತಕ್ಕಮಟ್ಟಿಗೆ ಸಿದ್ಧವಾಗಿರುತ್ತದೆ, ಅದು ಎದುರಿಸಬಲ್ಲದು. ನಡುವಿನದು ಮೋಸದ ಕಾಲ, ಸುಮಾರು 50ರಿಂದ 70ನೇ ದಿನದವರೆಗೆ.

ಆ ದಿನಗಳಲ್ಲಿ ಮರಿಯ ದೇಹ ಒಂದು ದೊಡ್ಡ ಪಾಠ ಕಲಿಯುತ್ತಿರುತ್ತದೆ. ಯಾವುದು ನನ್ನದು, ಯಾವುದು ಪರಕೀಯ ಎಂಬ ಪಾಠ. ಥೈಮಸ್ ಎಂಬ ಗ್ರಂಥಿಯಲ್ಲಿ ಹೊಸ ಟಿ-ಕೋಶಗಳ ಪರೀಕ್ಷೆ ನಡೆಯುತ್ತದೆ. ಸ್ವಂತ ದೇಹದ ವಸ್ತುಗಳ ಮೇಲೆ ಎಗರುವ ಕೋಶಗಳನ್ನು ಅಲ್ಲೇ ನಾಶಮಾಡಲಾಗುತ್ತದೆ, ಇಲ್ಲದಿದ್ದರೆ ದೇಹ ತನ್ನನ್ನೇ ಕಡಿದುಕೊಳ್ಳುತ್ತಿತ್ತು. ಈ ಪರೀಕ್ಷೆ ನಡೆದಿರುವಾಗಲೇ ವೈರಸ್ಸು ಒಳಗೆ ಬಂದು ಕೂತರೆ, ದೇಹ ಅದನ್ನೂ ಸ್ವಂತದ್ದರ ಪಟ್ಟಿಗೆ ಸೇರಿಸಿಕೊಳ್ಳುತ್ತದೆ.

ನಿಮ್ಮ ಮನೆಯ ನಾಯಿಯನ್ನು ನೋಡಿ. ಕುನ್ನಿಯಾಗಿದ್ದಾಗಿನಿಂದ ಮನೆಯಲ್ಲಿ ಯಾರನ್ನು ಕಂಡಿದೆಯೋ ಅವರಿಗೆ ಅದು ಬೊಗಳುವುದಿಲ್ಲ. ಅದು ಕುನ್ನಿಯಾಗಿದ್ದಾಗಲೇ ಒಬ್ಬ ಕಳ್ಳ ಪಡಸಾಲೆಯಲ್ಲಿ ವಾಸಕ್ಕೆ ಬಂದಿದ್ದರೆ? ಅವನು ದಿನಾ ರಾತ್ರಿ ಜೋಳದ ಚೀಲ ಹೊತ್ತೊಯ್ದರೂ ನಾಯಿ ಬಾಲ ಅಲ್ಲಾಡಿಸುತ್ತದೆ. ಬೇರೆ ಕಳ್ಳ ಬಂದರೆ ಮಾತ್ರ ಬೊಗಳುತ್ತದೆ, ನಾಯಿಯಲ್ಲಿ ಏನೂ ದೋಷವಿಲ್ಲ. ಈ ಮರಿಗಳದೂ ಹಾಗೆಯೇ. ಜೊತೆಗೆ ವೈರಸ್ಸಿನ ಒಂದು ಪ್ರೋಟೀನು, ಸೋಂಕಾದ ಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಗಂಟೆ ಬಾರಿಸದಂತೆ ತಡೆಯುತ್ತದೆ.

ಹೀಗೆ ಹುಟ್ಟಿದ ಮರಿಗಳಿಗೆ ಜ್ವರ ಇರುವುದಿಲ್ಲ, ಕಿವಿ ನೇರಳೆಯಾಗುವುದಿಲ್ಲ. ಹಾಲು ಕುಡಿಯುತ್ತವೆ, ಆಡುತ್ತವೆ. ರಕ್ತದ ತುಂಬ ಮಾತ್ರ ವೈರಸ್ಸು. ಜೊಲ್ಲು, ಸಿಂಬಳ, ಮೂತ್ರ, ಸಗಣಿ ಎಲ್ಲದರಲ್ಲೂ ಅದನ್ನು ಹೊರಗೆ ಚೆಲ್ಲುತ್ತಲೇ ಇರುತ್ತವೆ. ಕೆಲವು ತಿಂಗಳ ಮೇಲೆ ಬೆಳವಣಿಗೆ ಕುಂಠಿತವಾಗುತ್ತದೆ, ಕೃಶವಾಗುತ್ತವೆ. ಹನ್ನೊಂದು ತಿಂಗಳವರೆಗೂ ಬದುಕಿದ್ದುಂಟು. ಆದರೆ ಕೊನೆಗೆ ಸಾಯುತ್ತವೆ. ಇದನ್ನೇ ನಿರಂತರ ಸೋಂಕು ಅನ್ನುತ್ತಾರೆ. ಗರ್ಭದಲ್ಲಿ ಮಾತ್ರವಲ್ಲ, ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಸೌಮ್ಯ ತಳಿ ತಗಲಿದರೂ ಕೆಲವು ಮರಿಗಳು ಹೀಗಾಗಬಹುದು ಎಂದು ಸ್ಪೇನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.

ಒಗಟು ಬಿಡಿಸಿತಲ್ಲ? ಹುಡುಗನ ಅಪ್ಪ ತಂದ ಹಂದಿಗೆ ಹಿಂದಿನ ಮನೆಯಲ್ಲೇ, ಗಬ್ಬದ ನಡುಗಾಲದಲ್ಲಿ ಸೋಂಕಾಗಿ ವಾಸಿಯಾಗಿರಬೇಕು. ಅದು ನಿಜವಾಗಿಯೂ ಆರಾಮವಾಗಿತ್ತು, ಮಾರಿದವನು ಸುಳ್ಳು ಹೇಳಿರಲಿಕ್ಕಿಲ್ಲ. ಜಡ್ಡು ಬಂದದ್ದು ಹೊಟ್ಟೆಯೊಳಗೆ ಕೂತು. ಹಳೆಯ ಹಂದಿಗಳನ್ನು ಕೊಂದದ್ದು ಅಂಗಳದಲ್ಲಿ ಓಡಾಡಿಕೊಂಡಿದ್ದ ಮರಿಗಳು.

ಇದು ಹಂದಿಗಷ್ಟೇ ಸೀಮಿತವಾದ ವಿಚಿತ್ರ ಅಂದುಕೊಳ್ಳಬೇಡಿ. ಈ ವೈರಸ್ಸಿನ ದಾಯಾದಿಯೊಂದು ದನಗಳಲ್ಲಿದೆ, ಅದೂ ಗರ್ಭದ ಕರುವನ್ನು ಇದೇ ರೀತಿ ಜೀವನಪರ್ಯಂತ ವಾಹಕವನ್ನಾಗಿ ಮಾಡುತ್ತದೆ. ಮನುಷ್ಯರಲ್ಲಿ ಹೆಪಟೈಟಿಸ್-ಬಿ ನೋಡಿ. ದೊಡ್ಡವರಿಗೆ ತಗಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಅದು ಕಾಯಂ ಉಳಿಯುತ್ತದೆ. ಹುಟ್ಟುವಾಗ ತಾಯಿಯಿಂದ ತಗಲಿದರೆ ನೂರರಲ್ಲಿ ತೊಂಬತ್ತು ಕೂಸುಗಳಲ್ಲಿ ಉಳಿಯುತ್ತದೆ. ಒಳಗಿನ ಕಾರಣ ಪೂರ್ತಿ ಒಂದೇ ಅಲ್ಲ, ಆದರೆ ಎರಡೂ ಕಡೆ ತೀರ್ಮಾನ ಮಾಡುವುದು ಸೋಂಕಾದ ವಯಸ್ಸು. ಕೂಸು ಹುಟ್ಟಿದ 24 ಗಂಟೆಯೊಳಗೆ ಆ ಲಸಿಕೆ ಹಾಕುವುದು ಇದಕ್ಕೇ. ನಿಮ್ಮ ಮನೆಯಲ್ಲಿ ತಮ್ಮ ತಂಗಿ ಹುಟ್ಟಿದಾಗ ಕೊಟ್ಟ ಲಸಿಕೆ ಕಾರ್ಡ್ ತೆಗೆದು ನೋಡಿ, ಮೊದಲ ಸಾಲಿನಲ್ಲೇ ಇರುತ್ತದೆ.

ಈಗ ಸ್ವಲ್ಪ ಲೆಕ್ಕ. ಜೋರು ಜ್ವರ ಬಂದ ಹಂದಿ ಹದಿನೈದು ದಿನ ವೈರಸ್ಸು ಚೆಲ್ಲುತ್ತದೆ ಅಂದುಕೊಳ್ಳಿ. ದಿನಕ್ಕೆ ಎರಡು ಹೊಸ ಹಂದಿಗಳ ಸಂಪರ್ಕಕ್ಕೆ ಬಂದರೆ ಒಟ್ಟು 30. ನಿಜದಲ್ಲಿ ಇನ್ನೂ ಕಡಿಮೆ, ಯಾಕೆಂದರೆ ಜ್ವರ ಬಂದ ಹಂದಿ ಬಿದ್ದಲ್ಲಿಂದ ಏಳುವುದಿಲ್ಲ, ಅದನ್ನು ಯಾರೂ ಕೊಳ್ಳುವುದೂ ಇಲ್ಲ. ನಿರಂತರ ಸೋಂಕಿನ ಮರಿ ಆರು ತಿಂಗಳು ತಿರುಗಾಡಿದರೆ 360. ಅದಕ್ಕಿಂತ ಮುಖ್ಯ, ಆ ಮರಿಯನ್ನು ಮಾರುತ್ತಾರೆ, ಟೆಂಪೋದಲ್ಲಿ ಬೇರೆ ಊರಿಗೆ ಒಯ್ಯುತ್ತಾರೆ. ಅಕ್ಕಲಕೋಟದಿಂದ ಒಂದು ದಾರಿ ಸೋಲಾಪುರಕ್ಕೆ, ಇನ್ನೊಂದು ಆಳಂದಕ್ಕೆ, ಮತ್ತೊಂದು ಅಫಜಲಪುರದ ಕಡೆಗೆ. ನಾವು ಸಂತೆಗೆ, ಜಾತ್ರೆಗೆ, ಬೀಗರ ಮನೆಗೆ ಓಡಾಡುವ ದಾರಿಗಳೇ ಅವು. ಐದು ಮರಿ ಐದು ಮನೆಗೆ ಹೋದರೆ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ.

ಮರಿಯ ಕಾಲಿನ ಮೇಲಷ್ಟೇ ಅಲ್ಲ, ಬೇರೆ ದಾರಿಗಳಲ್ಲೂ ವೈರಸ್ಸು ಪ್ರಯಾಣ ಮಾಡುತ್ತದೆ. ಮುಖ್ಯವಾದದ್ದು ಮುಸುರಿ. ಹೋಟೆಲಿನ, ಮದುವೆ ಮನೆಯ ಉಳಿದ ಅಡುಗೆ ಬಕೆಟ್‌ಗಳಲ್ಲಿ ಹಂದಿಗಳಿಗೆ ಹೋಗುತ್ತದೆ. ಅದರಲ್ಲಿ ಸೋಂಕಾದ ಹಂದಿಯ ಹಸಿ ಮಾಂಸದ ಚೂರಿದ್ದರೆ ಸಾಕು. ಫ್ರಿಜ್ಜಿನ ತಂಪಿನಲ್ಲಿ ಮಾಂಸದೊಳಗೆ ಈ ವೈರಸ್ಸು ವಾರಗಟ್ಟಲೆ, ಹೆಪ್ಪುಗಟ್ಟಿಸಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದರೂ ಸುಲಭಕ್ಕೆ ಸಾಯುವುದಿಲ್ಲ. ಕುದಿಸಿದರೆ ಸಾಯುತ್ತದೆ. ಹಂದಿಗೆ ಹಾಕುವ ಮುಸುರಿಯನ್ನು ಅರ್ಧ ಗಂಟೆ ಕುದಿಸಲೇಬೇಕೆಂದು ಅಮೆರಿಕ 1980ರಲ್ಲಿ ಕಾಯ್ದೆಯನ್ನೇ ಮಾಡಿತು, ಅದೂ 1978ರಲ್ಲಿ ತನ್ನ ದೇಶ ಹಂದಿ ಜ್ವರದಿಂದ ಮುಕ್ತ ಎಂದು ಘೋಷಿಸಿಕೊಂಡ ಮೇಲೆ.

ಗಾಡಿಯ ಗಾಲಿ, ಬೂಟು, ಹಗ್ಗ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ತರುವ ಗಂಡು ಹಂದಿ, ಇವೂ ದಾರಿಗಳೇ. 1997ರಲ್ಲಿ ನೆದರ್‌ಲ್ಯಾಂಡ್ಸ್‌ಗೆ ಈ ರೋಗ ಬಂದದ್ದು ಜರ್ಮನಿಗೆ ಹೋಗಿ ಬಂದ ಹಂದಿ ಸಾಗಣೆಯ ವಾಹನದಿಂದ ಇರಬೇಕೆಂದು ತನಿಖೆ ಹೇಳಿತು. ಮೊದಲ ಪ್ರಕರಣ ಪತ್ತೆಯಾಗುವ ಹೊತ್ತಿಗೆ ವೈರಸ್ಸು ಹಲವು ವಾರ ಸದ್ದಿಲ್ಲದೆ ತಿರುಗಾಡಿತ್ತು. ಒಟ್ಟು 429 ಫಾರ್ಮುಗಳಿಗೆ ಹಬ್ಬಿತು. ಸುಮಾರು ಒಂದು ಕೋಟಿ ಹಂದಿಗಳನ್ನು ಕೊಲ್ಲಬೇಕಾಯಿತು, ಅವುಗಳಲ್ಲಿ ಹೆಚ್ಚಿನವಕ್ಕೆ ರೋಗವೇ ಇರಲಿಲ್ಲ. ಪಶುವೈದ್ಯರು, ಪ್ರಯೋಗಾಲಯ, ರಸ್ತೆ, ದುಡ್ಡು ಎಲ್ಲಾ ಇದ್ದ ದೇಶದ ಕಥೆ ಇದು.

ಮೊದಲು ಹೇಳಿದ ಕೊಬ್ಬಿನ ಹೊದಿಕೆ ಈಗ ಉಪಯೋಗಕ್ಕೆ ಬರುತ್ತದೆ. ಎಣ್ಣೆ ಪಾತ್ರೆಯ ಜಿಡ್ಡನ್ನು ಸಾಬೂನು ತೆಗೆಯುವಂತೆ ಈ ಹೊದಿಕೆಯನ್ನೂ ಒಡೆಯುತ್ತದೆ. ಹೊದಿಕೆ ಹೋದ ವೈರಸ್ಸು ಕೋಶದೊಳಗೆ ನುಗ್ಗಲಾರದು. ಬ್ಲೀಚಿಂಗ್ ಪುಡಿ, ಸೋಲಾಪುರದ ಏಪ್ರಿಲ್ ಬಿಸಿಲು, ಎರಡೂ ಅದಕ್ಕೆ ಆಗುವುದಿಲ್ಲ. ತಂಪು, ತೇವ, ನೆರಳು, ಸಗಣಿ ಇದ್ದಲ್ಲಿ ಮಾತ್ರ ಹೆಚ್ಚು ದಿನ ಬಾಳುತ್ತದೆ. ಆದ್ದರಿಂದ ಹಂದಿ ಗೂಡಿಗೆ ಹೋಗಿ ಬಂದವರು ಚಪ್ಪಲಿ ತೊಳೆಯುವುದು ಹುಚ್ಚು ಮಡಿ ಅಲ್ಲ.

ಹಾಗಾದರೆ ಇಂಥ ಮರಿಯನ್ನು ಗುರುತಿಸುವುದು ಹೇಗೆ? ರೋಗ ಬಂದು ಹೋಗಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುತ್ತಾರೆ. ಪ್ರತಿಕಾಯ ಅಂದರೆ ಕಳ್ಳನ ಹೆಜ್ಜೆ ಗುರುತು ಇದ್ದಂತೆ. ಈ ಮರಿ ಪ್ರತಿಕಾಯವನ್ನೇ ಮಾಡುವುದಿಲ್ಲ! ಆದ್ದರಿಂದ ಆ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡುತ್ತದೆ, ಚೇತರಿಸಿಕೊಂಡ ತಾಯಿ ಹಂದಿಯೇ ಸಿಕ್ಕಿಬೀಳುತ್ತದೆ. ನಿಜವಾದ ಅಪಾಯ ಎಲ್ಲಿದೆಯೋ ಅಲ್ಲಿ ಸೊನ್ನೆ, ಅಪಾಯ ಮುಗಿದಲ್ಲಿ ಧನ. ವಾಹಕ ಮರಿಯನ್ನು ಹಿಡಿಯಬೇಕಾದರೆ ಹೆಜ್ಜೆ ಗುರುತಲ್ಲ, ಕಳ್ಳನನ್ನೇ ಹುಡುಕಬೇಕು, ಅಂದರೆ ವೈರಸ್ಸಿನ ಆರ್‌ಎನ್‌ಎಯನ್ನು. ಕೋವಿಡ್ ಕಾಲದಲ್ಲಿ ನೀವೆಲ್ಲ ಕೇಳಿದ ಆರ್‌ಟಿ-ಪಿಸಿಆರ್ ಪರೀಕ್ಷೆಯೇ ಅದು. ಮಹಾರಾಷ್ಟ್ರದಲ್ಲಿ ಪ್ರಾಣಿ ರೋಗಗಳ ತಪಾಸಣೆಗೆ ಪುಣೆಯ ಔಂಧ್‌ನಲ್ಲಿ ಪಶುಸಂಗೋಪನಾ ಇಲಾಖೆಯ ಪ್ರಯೋಗಾಲಯವಿದೆ. ಬೆಂಗಳೂರಿನ ಯಲಹಂಕದಲ್ಲಿ ನಿವೇದಿ ಎಂಬ ಕೇಂದ್ರ ಸಂಸ್ಥೆಯಿದೆ, ಪ್ರಾಣಿ ರೋಗಗಳು ದೇಶದಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತಿವೆ ಎಂದು ಲೆಕ್ಕ ಇಡುವುದೇ ಅದರ ಕೆಲಸ. ಹಂದಿ ಜ್ವರವೂ ಅದರ ಪಟ್ಟಿಯಲ್ಲಿದೆ.

ಲಸಿಕೆ ಇದೆ, ಒಳ್ಳೆಯ ಲಸಿಕೆಯೇ ಇದೆ. ಹಿಂದೆ ಈ ವೈರಸ್ಸನ್ನು ಮೊಲದಿಂದ ಮೊಲಕ್ಕೆ ನೂರಾರು ಸಲ ದಾಟಿಸಿ, ಹಂದಿಗೆ ರೋಗ ತರುವ ಶಕ್ತಿ ಕಳೆದುಕೊಳ್ಳುವಂತೆ ಮಾಡಿದರು. ಆದರೆ ಪ್ರತಿ ಸಲ ಲಸಿಕೆ ತಯಾರಿಸಲು ಮೊಲಗಳನ್ನು ಕೊಲ್ಲಬೇಕಿತ್ತು. ದೇಶಕ್ಕೆ ವರ್ಷಕ್ಕೆ 2 ಕೋಟಿ 20 ಲಕ್ಷ ಡೋಸು ಬೇಕಾಗಿದ್ದರೆ ತಯಾರಾಗುತ್ತಿದ್ದದ್ದು ಸುಮಾರು 12 ಲಕ್ಷ. 2020ರ ಫೆಬ್ರುವರಿಯಲ್ಲಿ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ, ಅಂದರೆ ಉತ್ತರ ಪ್ರದೇಶದ ಇಜ್ಜತ್‌ನಗರದವರು, ನಮ್ಮ ದೇಶದ ತಳಿಯಿಂದಲೇ, ಗಾಜಿನ ಸೀಸೆಯಲ್ಲಿ ಬೆಳೆಸಿದ ಕೋಶಗಳಲ್ಲಿ ತಯಾರಾಗುವ ಲಸಿಕೆ ಬಿಡುಗಡೆ ಮಾಡಿದರು. ಮೊಲ ಬೇಕಿಲ್ಲ. ಒಂದು ಡೋಸಿಗೆ ಎರಡು ರೂಪಾಯಿಗೂ ಕಡಿಮೆ ಖರ್ಚು ಎಂದು ಸರ್ಕಾರ ಹೇಳಿತು. 2019ರ ಜಾನುವಾರು ಗಣತಿಯಲ್ಲಿ ದೇಶದ ಹಂದಿಗಳು 90 ಲಕ್ಷ ಚಿಲ್ಲರೆ. ಎರಡು ರೂಪಾಯಿಯ ಲಸಿಕೆ ಇದ್ದೂ ಒಂದು ಮನೆಯ ನಾಲ್ಕು ಹಂದಿ ಸಾಯುತ್ತವೆ ಎಂದರೆ ನನಗೆ ಸಿಟ್ಟು ಬರುತ್ತದೆ. ಎಮ್ಮೆಗೆ ಕಾಲುಬಾಯಿ ರೋಗದ ಲಸಿಕೆ ಹಾಕಲು ಬಂದವರನ್ನು ಮನೆ ತನಕ ಕರೆಯುವ ನಾವು, ಹಂದಿಗೂ ಲಸಿಕೆ ಇದೆ ಎಂದು ಕೇಳುವುದೇ ಇಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಲಸಿಕೆ ಮುಂಚಿತವಾಗಿ ಕೆಲಸ ಮಾಡುತ್ತದೆ. ವೈರಸ್ಸನ್ನು ತನ್ನದೆಂದು ಒಪ್ಪಿಕೊಂಡು ಹುಟ್ಟಿದ ಮರಿಗೆ ಲಸಿಕೆಯಿಂದ ಉಪಯೋಗವಿಲ್ಲ. ತಾಯಿ ಹಂದಿಗೆ ಗಬ್ಬ ಕಟ್ಟುವ ಮೊದಲೇ ಲಸಿಕೆ ಆಗಿರಬೇಕು.

ಇದರ ಜೊತೆ ಗೊಂದಲವಾಗುವ ಇನ್ನೊಂದು ರೋಗ ಆಫ್ರಿಕನ್ ಹಂದಿ ಜ್ವರ. ಲಕ್ಷಣ ಹೆಚ್ಚುಕಡಿಮೆ ಒಂದೇ, ವೈರಸ್ಸು ಪೂರ್ತಿ ಬೇರೆ, ಡಿಎನ್‌ಎ ಇರುವಂಥದ್ದು. 2020ರಲ್ಲಿ ಅರುಣಾಚಲ ಮತ್ತು ಅಸ್ಸಾಮಿಗೆ ಬಂದು, 2022ರ ಜುಲೈನಲ್ಲಿ ಕೇರಳದ ವಯನಾಡಿನಲ್ಲಿ ಕಾಣಿಸಿತು. ಅದರ ಮೂಲ ಮನೆ ಆಫ್ರಿಕಾದ ವಾರ್ಟ್‌ಹಾಗ್ ಎಂಬ ಕಾಡುಹಂದಿ. ಅದರ ದೇಹದಲ್ಲಿ ವೈರಸ್ಸು ಇದ್ದರೂ ರೋಗ ಬರುವುದಿಲ್ಲ, ಬಿಲದಲ್ಲಿರುವ ಉಣ್ಣೆಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅಲ್ಲೂ ಆರಾಮವಾಗಿ ಕಾಣುವ ಪ್ರಾಣಿಯೇ ವಾಹಕ. ಎರಡೂ ರೋಗಗಳನ್ನು ಕಂಡರೆ ತಿಳಿಸಲೇಬೇಕು ಎಂದು 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಎರಡು ಹಂದಿ ಸತ್ತ ಕೂಡಲೇ, ಉಳಿದವು ಸಾಯುವ ಮುಂಚೆ ಮಾರಿಬಿಡೋಣ ಅನ್ನಿಸುತ್ತದೆ. ಬಡವರ ಮನೆಯಲ್ಲಿ ಹಾಗೆ ಅನ್ನಿಸುವುದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ರೋಗ ಊರು ದಾಟುವುದು ಆ ದಿನವೇ.

ಮರುದಿನ ಇದನ್ನೆಲ್ಲ ಫಲಕದ ಮೇಲೆ ಚಿತ್ರ ಬರೆದು ಹೇಳಿದೆ. ಹುಡುಗ ತನ್ನ ವಹಿಯಲ್ಲಿ ಐದು ಮರಿಗಳನ್ನು ಬರೆದು, ಪ್ರತಿಯೊಂದರಿಂದ ಒಂದೊಂದು ಊರಿಗೆ ಬಾಣ ಎಳೆದಿದ್ದ. ಒಂದು ಬಾಣ ಅವನ ಅಜ್ಜಿಯ ಊರಿಗೆ ಹೋಗಿತ್ತು, ಅಲ್ಲಿ ಅವನ ಸೋದರಮಾವನೂ ಹಂದಿ ಸಾಕುತ್ತಾರಂತೆ. ಆ ಪುಟವನ್ನು ಮನೆಗೆ ಒಯ್ದು ಅಪ್ಪನಿಗೆ ತೋರಿಸುತ್ತೇನೆ ಅಂದ. ಅಪ್ಪ ಏನಂತಾರೋ ಎಂದು ನನಗೂ ಧೈರ್ಯವಿರಲಿಲ್ಲ, ಐದು ಮರಿಯ ದುಡ್ಡು ಅಂದರೆ ಅವರ ಮನೆಯ ಎರಡು ತಿಂಗಳ ಸಂತೆ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಬಂದು ಹೇಳಿದ: "ಸರ, ವ್ಯಾಪಾರಿ ಬಂದಿದ್ದಾರಿ. ಅಪ್ಪ ಕೊಡಲಿಲ್ಲ. ಮರಿ ಬ್ಯಾರೆ ಕಡೆ ಕಟ್ಟ್ಯಾನ. ಡಾಕ್ಟರು ಐದರದೂ ರಕ್ತ ತೊಗೊಂಡು ಹೋಗ್ಯಾರ, ಪುಣೆಕ್ಕ ಕಳಸ್ತಾರಂತ."

ವರದಿ ಇನ್ನೂ ಬಂದಿಲ್ಲ. ದಿನಾ ಕೇಳುತ್ತಾನೆ.